ಚಿಲ್ಲರೆ ಕಾಸಿನಿಂದ ಚಿತ್ರಹಬ್ಬಕ್ಕೆ

ಜಾತ್ರೆ ಬೀದಿಯಲ್ಲೋ ಬಸ್ ನಿಲ್ದಾಣದ ಎದುರಿನ ಟಾರು ರಸ್ತೆಯಲ್ಲೋ ಆಳೆತ್ತರದ ಆಂಜನೇಯನನ್ನು ಬರೆಯುವವರು ಒಂದು ಕಾಲಕ್ಕೆ ನಮ್ಮಲ್ಲಿ ಕಾಣಸಿಗುತ್ತಿದ್ದರು. ಸೀಮೆಸುಣ್ಣ, ಇದ್ದಿಲು, ಇಟ್ಟಿಗೆ ಚೂರು ಇಷ್ಟೇ ಸಾಮಗ್ರಿ. ಗದೆ ಮೂಡುವ ಹೊತ್ತಿಗೆ ಸುತ್ತ ಜನ ಸೇರುತ್ತಿದ್ದರು. ಕಿರೀಟ ಮುಗಿಯುವಷ್ಟರಲ್ಲಿ ದೇವರ ಎದೆಯ ಮೇಲೆ ನಾಲ್ಕಾಣೆ, ಎಂಟಾಣೆ ಬೀಳುತ್ತಿದ್ದವು. ಬರೆದವನು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಗೊತ್ತಿಲ್ಲದೆ ತುಳಿಯಲು ಬಂದವರನ್ನು ಕೈಸನ್ನೆಯಲ್ಲೇ ಸರಿಸುತ್ತಿದ್ದ. ಅವನನ್ನು ನಾವು ಭಿಕ್ಷುಕರ ಲೆಕ್ಕಕ್ಕೆ ಹಾಕಿದೆವೇ ಹೊರತು ಕಲಾವಿದ ಎನ್ನಲಿಲ್ಲ. ಅದು ಅನ್ಯಾಯ.

ಇಟಲಿಯಲ್ಲೂ ಇಂಥವರಿದ್ದರು. ಹಬ್ಬದಿಂದ ಹಬ್ಬಕ್ಕೆ ಊರೂರು ಅಲೆದು, ಚರ್ಚಿನ ಮುಂದೆ ನೆಲದ ಮೇಲೆ ಮಾತೆ ಮೇರಿಯನ್ನು ಬರೆದು ಕಾಸು ಕೂಡಿಸುವ ಇವರಿಗೆ ‘ಮದೊನ್ನಾರಿ’ ಎಂದು ಹೆಸರು. 1973ರಲ್ಲಿ ಮಾಂಟುವಾ ಬಳಿಯ ಗ್ರಾಜಿಯೆ ಎಂಬ ಪುಟ್ಟ ಊರು, ಆಗಸ್ಟ್ 15ರ ಮೇರಿ ಹಬ್ಬಕ್ಕೆ ಇವರಿಗಾಗಿಯೇ ಸ್ಪರ್ಧೆ ಏರ್ಪಡಿಸಿತು. ಅಲ್ಲಿಗೆ ಈ ಕಲೆಗೆ ಮರ್ಯಾದೆ ಬಂತು.

ಈ ಕಲೆಗೆ ದಾನದ ನಂಟು ಬೆಸೆದದ್ದು ಮಾತ್ರ ಅಮೆರಿಕದಲ್ಲಿ. ನಾಸಾದಲ್ಲಿ ಚಿತ್ರಕಾರನಾಗಿದ್ದ ಕರ್ಟ್ ವೆನ್ನರ್ ಕೆಲಸ ಬಿಟ್ಟು ಇಟಲಿಗೆ ಹೋಗಿ ನೆಲಚಿತ್ರ ಕಲಿತ. ನಿಂತು ನೋಡಿದರೆ ನೆಲ ಬಾಯ್ದೆರೆದಂತೆ ಕಾಣುವ ಚಿತ್ರಗಳಿಂದ ಪ್ರಸಿದ್ಧನಾದ. 1987ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಕ್ಯಾಥಿ ಕೌರಿ, ವೆನ್ನರ್ ಜೊತೆಗೂಡಿ, ಹಳೆಯ ಚರ್ಚಿನ ಅಂಗಳದಲ್ಲಿ ಇದೇ ಬಗೆಯ ಹಬ್ಬ ಶುರುಮಾಡಿದರು. ಅಂಗಳವನ್ನು ಚೌಕಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಪ್ರಾಯೋಜಕರಿಂದ ಹಣ ಪಡೆದರು. ಆ ಹಣ ಶಾಲಾಮಕ್ಕಳ ಕಲಾಶಿಕ್ಷಣಕ್ಕೆ ಹೋಯಿತು. ಚಿತ್ರ ಅಳಿದರೂ ಪಾಠ ನಿಲ್ಲಲಿಲ್ಲ. ಇಷ್ಟು ಸರಳವಾದ ಏರ್ಪಾಟು ಎಷ್ಟೋ ಊರುಗಳಿಗೆ ಹಬ್ಬಿದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಬೆಂಗಳೂರಿಗೆ ಏನು ಕಡಿಮೆ? ಪ್ರತಿ ಜನವರಿಯ ಸುಮಾರಿಗೆ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಕುಮಾರಕೃಪಾ ರಸ್ತೆಯನ್ನೇ ಗ್ಯಾಲರಿ ಮಾಡುತ್ತದೆ. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟರು. ವಿಜಯನಗರದ ಪಕ್ಕದ ಹೊಸಹಳ್ಳಿಯಿಂದ ಮಾಗಡಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಸಿಗುವ ಹೇರೋಹಳ್ಳಿಯಲ್ಲಿ, 2019ರ ಸೆಪ್ಟೆಂಬರ್‌ನಲ್ಲಿ, ಗಗನಯಾತ್ರಿಯ ವೇಷ ತೊಟ್ಟ ಒಬ್ಬರನ್ನು ಗುಂಡಿಗಳ ನಡುವೆ ನಿಧಾನ ನಡೆಸಿ ವಿಡಿಯೊ ಮಾಡಿದರು. ಪಕ್ಕದಲ್ಲಿ ಆಟೊ ಹಾದಾಗಲೇ ಅದು ಚಂದ್ರನಲ್ಲ, ನಮ್ಮದೇ ರಸ್ತೆ ಎಂದು ತಿಳಿಯುವುದು. ಚಂದ್ರಯಾನ-2 ಇಳಿಯಬೇಕಿದ್ದ ದಿನಕ್ಕೆ ಮುಂಚಿನ ದಿನಗಳವು. ಪಾಲಿಕೆ ಕೂಡಲೇ ಗುಂಡಿ ಮುಚ್ಚಿಸಿತು. ಬೀದಿಯ ಕಲೆಗೆ ಕೆಲಸ ಮಾಡಿಸುವ ಶಕ್ತಿಯಿದೆ ಎನ್ನಲು ಇನ್ನೇನು ಬೇಕು?

ಇನ್ನು ರಂಗೋಲಿ ಹಾಕುವ ಕೈಗಳು ಪ್ರತಿ ಮನೆಯಲ್ಲಿವೆ. ನಮ್ಮ ಟಾರು ಒರಟು, ಸೀಮೆಸುಣ್ಣ ಬೇಗ ಸವೆಯುತ್ತದೆ. ಬೆರಳಿನಿಂದ ಉದುರುವ ರಂಗೋಲಿ ಪುಡಿ ಆ ಒರಟಿನಲ್ಲೂ ಚೆನ್ನಾಗಿ ಕೂರುತ್ತದೆ. ಇಂಥದೊಂದು ಹಬ್ಬಕ್ಕೆ ಮಳೆಯ ಕಾಟವಿಲ್ಲದ ಸಂಕ್ರಾಂತಿಯ ಹಿಂದುಮುಂದಿನ ಒಂದು ಭಾನುವಾರ ಸಾಕು.

ಹೊಸಹಳ್ಳಿ, ವಿಜಯನಗರದ ನಿವಾಸಿಗಳ ಸಂಘಗಳಲ್ಲಿ ನನ್ನದೊಂದು ವಿನಂತಿ. ಒಂದು ಅಡ್ಡರಸ್ತೆಗೆ ಅನುಮತಿ ಪಡೆಯಿರಿ, ಚೌಕ ಹಂಚಿರಿ, ಪ್ರಾಯೋಜಕರ ಹಣ ತಲುಪಿಸಲು ಹತ್ತಿರದ ಸರ್ಕಾರಿ ಶಾಲೆಯೊಂದನ್ನು ಗೊತ್ತುಮಾಡಿಕೊಳ್ಳಿ. ಬಂದ ಹಣ, ಆದ ಖರ್ಚು ಎರಡನ್ನೂ ಅದೇ ರಸ್ತೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿರಿ.