ಎಣಿಕೆಗೆ ಸಿಗುವ ಭೇಟಿ, ಕೈಗೆ ಸಿಗದ ಗಿರಾಕಿ

ಕೊಪ್ಪಳ ಜಿಲ್ಲೆಯ ಸರಕಿಗೆ ದೂರದ ಗಿರಾಕಿ ಬೇಕಾಗಿರುವುದು ಹೊಸ ಸಂಗತಿಯಲ್ಲ. ಕಿನ್ನಾಳದ ಚಿತ್ರಗಾರರು ಮಾಡುವ ಬಣ್ಣದ ಮರದ ಗೊಂಬೆ, ಆನೆಗೊಂದಿಯ ಹೆಣ್ಣುಮಕ್ಕಳು ಬಾಳೆನಾರಿನಿಂದ ಹೆಣೆಯುವ ಚೀಲ ಮತ್ತು ಬುಟ್ಟಿ, ಗಂಗಾವತಿ ಗಿರಣಿಗಳ ಸೋನಾ ಮಸೂರಿ ಅಕ್ಕಿ, ಕುಷ್ಟಗಿ ತಾಲ್ಲೂಕಿನ ದಾಳಿಂಬೆ ಹಾಗೂ ದೋಟಿಹಾಳ, ಹನುಮಸಾಗರಗಳಲ್ಲಿ ನೇಯುವ ಇಳಕಲ್ ಸೀರೆ, ಯಲಬುರ್ಗಾದ ಎರೆಹೊಲಗಳ ಬಿಳಿಜೋಳ ಮತ್ತು ಕಡಲೆ, ಇವುಗಳಿಗೆಲ್ಲ ಒಳ್ಳೆಯ ಬೆಲೆ ಸಿಗುತ್ತಿದ್ದುದು ಜಿಲ್ಲೆಯ ಹೊರಗಿನ ಪೇಟೆಗಳಲ್ಲಿಯೇ. ದಲ್ಲಾಳಿಯ ಹಂಗಿಲ್ಲದೆ ಬೆಂಗಳೂರು, ಪುಣೆಗಳ ಮನೆಗಳಿಗೆ ನೇರವಾಗಿ ಮಾರಬೇಕೆಂದು ಸ್ವಂತ ಜಾಲತಾಣ ತೆರೆಯುವ ಕುಶಲಕರ್ಮಿ ಅಥವಾ ಸ್ವಸಹಾಯ ಸಂಘ ಮೊದಲು ಎದುರಿಸುವ ಕಷ್ಟವೆಂದರೆ ಆ ಜಾಲತಾಣಕ್ಕೆ ಯಾರೂ ಬಾರದಿರುವುದು. ‘ತಿಂಗಳಿಗೆ ಹತ್ತು ಸಾವಿರ ಮಂದಿಯನ್ನು ಕಳುಹಿಸಿಕೊಡುತ್ತೇವೆ’ ಎನ್ನುವ ವಂಚಕ ವಾಟ್ಸ್‌ಆ್ಯಪ್‌ನಲ್ಲಿ ಕಾಣಿಸಿಕೊಳ್ಳುವುದು ಇಂತಹ ಹೊತ್ತಿನಲ್ಲಿಯೇ.

ಜಾಲತಾಣವೊಂದನ್ನು ತೆರೆದು ನೋಡಿದವರ ಸಂಖ್ಯೆಯನ್ನು ಈ ವ್ಯವಹಾರದಲ್ಲಿ ‘ಟ್ರಾಫಿಕ್’ ಎಂದು ಕರೆಯುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಅಂಗಡಿ ಹಾಕಿದ ವ್ಯಾಪಾರಿಗೆ, ಮುಂದೆ ಹಾದುಹೋಗುವ ಜನ ಹೆಚ್ಚಿದಷ್ಟೂ ಕೊಳ್ಳುವವರು ಹೆಚ್ಚುತ್ತಾರೆಂಬುದು ಅನುಭವದಿಂದ ಗೊತ್ತಿರುತ್ತದೆ. ಅದೇ ಲೆಕ್ಕ ಜಾಲತಾಣಕ್ಕೂ ಅನ್ವಯಿಸುತ್ತದೆಂದು ಆತ ನಂಬುವುದು ಸಹಜ. ಆದರೆ ಜಾತ್ರೆಯಲ್ಲಿ ನಡೆದು ಬರುವವರು ಮನುಷ್ಯರೇ ಆಗಿರಬೇಕು, ಜಾಲತಾಣದ ಎಣಿಕೆಗೆ ಅಂತಹ ನಿರ್ಬಂಧವಿಲ್ಲ. ಪುಟವನ್ನು ತೆರೆದದ್ದು ಮನುಷ್ಯನ ಬೆರಳಾದರೂ ಒಂದೇ, ತಾನಾಗಿ ಓಡುವ ‘ಬಾಟ್’ ಎಂಬ ತಂತ್ರಾಂಶವಾದರೂ ಒಂದೇ. ಎರಡೂ ಒಂದೊಂದು ಭೇಟಿಯಾಗಿ ದಾಖಲಾಗುತ್ತವೆ. ಗೂಗಲ್ ಅನಲಿಟಿಕ್ಸ್‌ನಂತಹ ಎಣಿಕೆಯ ಸಾಧನಗಳು ಗುರುತು ಸಿಕ್ಕ ಬಾಟ್‌ಗಳನ್ನು ಬದಿಗಿಡುತ್ತವೆಯಾದರೂ, ಮನುಷ್ಯರಂತೆ ನಟಿಸಲೆಂದೇ ಬರೆದ ತಂತ್ರಾಂಶಗಳು ಆ ಜರಡಿಯಿಂದ ನುಸುಳಿಬಿಡುತ್ತವೆ.

ಈ ನಟನೆ ಎಷ್ಟು ದೂರ ಹೋಗಬಲ್ಲದೆಂಬುದನ್ನು 2016ರ ಡಿಸೆಂಬರ್‌ನಲ್ಲಿ ಬಯಲಾದ ‘ಮೆಥ್‌ಬಾಟ್’ ಪ್ರಕರಣ ತೋರಿಸಿಕೊಟ್ಟಿತು. ಅಮೆರಿಕದ ಡಲ್ಲಾಸ್ ಮುಂತಾದ ಕಡೆ ಬಾಡಿಗೆಗೆ ಪಡೆದ 1,900ಕ್ಕೂ ಹೆಚ್ಚು ಸರ್ವರ್‌ಗಳು, ಅಂದರೆ ಹಗಲಿರುಳು ಓಡುವ ದೊಡ್ಡ ಗಣಕಯಂತ್ರಗಳು, ಸಾವಿರಾರು ಹುಸಿ ಪುಟಗಳಲ್ಲಿ ಜಾಹೀರಾತು ವಿಡಿಯೊಗಳನ್ನು ತಮಗೆ ತಾವೇ ನೋಡಿಕೊಳ್ಳುತ್ತಿದ್ದವು. ಮೌಸ್ ಅಲುಗಾಡಿಸುವುದು, ವಿಡಿಯೊ ನಡುವೆ ನಿಲ್ಲಿಸುವುದು, ಫೇಸ್‌ಬುಕ್‌ಗೆ ಲಾಗಿನ್ ಆದಂತೆ ತೋರಿಸುವುದು, ಎಲ್ಲವೂ ಕೃತಕವಾಗಿಯೇ ನಡೆಯುತ್ತಿತ್ತು. ಜಾಹೀರಾತುದಾರರು 70 ಲಕ್ಷ ಡಾಲರ್‌ಗೂ ಹೆಚ್ಚು ಕಳೆದುಕೊಂಡ ಈ ವಂಚನೆಯ ಸೂತ್ರಧಾರ, ರಷ್ಯಾದ ಅಲೆಕ್ಸಾಂಡರ್ ಝುಕೋವ್‌ಗೆ 2021ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ 10 ವರ್ಷಗಳ ಸೆರೆವಾಸ ವಿಧಿಸಿತು. ಪರಿಣತರನ್ನೇ ಇಟ್ಟುಕೊಂಡಿದ್ದ ದೊಡ್ಡ ಕಂಪನಿಗಳು ಮೋಸಹೋದ ಆಟದಲ್ಲಿ ಕಿನ್ನಾಳದ ಗೊಂಬೆ ಮಾಡುವವರು ಮೋಸಹೋದರೆ ಅದನ್ನು ಅವರ ದಡ್ಡತನವೆಂದು ಕರೆಯುವುದು ಅನ್ಯಾಯ.

ಯಂತ್ರದ ಬದಲು ಮನುಷ್ಯರನ್ನೇ ಬಳಸುವ ಇನ್ನೊಂದು ಬಗೆ ಸಣ್ಣ ಊರುಗಳಿಗೆ ಹೆಚ್ಚು ಹತ್ತಿರದ್ದು ಮತ್ತು ಹೆಚ್ಚು ಕ್ರೂರವಾದದ್ದು. ಉತ್ತರ ಪ್ರದೇಶದ ನೋಯ್ಡಾದಿಂದ ನಡೆಯುತ್ತಿದ್ದ ‘ಸೋಷಿಯಲ್ ಟ್ರೇಡ್’ ಎಂಬ ಯೋಜನೆಯಲ್ಲಿ 5,750 ರೂಪಾಯಿಯಿಂದ 57,500 ರೂಪಾಯಿವರೆಗೆ ಕಟ್ಟಿ ಸದಸ್ಯರಾದವರಿಗೆ ದಿನವೂ ಕೆಲವು ಕೊಂಡಿಗಳನ್ನು ಒತ್ತುವ ಕೆಲಸ ಸಿಗುತ್ತಿತ್ತು, ಒಂದು ಒತ್ತಿಗೆ 5 ರೂಪಾಯಿ ಎಂಬುದು ಭರವಸೆಯಾಗಿತ್ತು. 2017ರ ಫೆಬ್ರವರಿಯಲ್ಲಿ ಅಲ್ಲಿನ ಪೊಲೀಸರು ಸಂಸ್ಥೆಯ ಮುಖ್ಯಸ್ಥನನ್ನು ಬಂಧಿಸಿದಾಗ, ಸುಮಾರು ಆರೂವರೆ ಲಕ್ಷ ಜನರಿಂದ 3,700 ಕೋಟಿ ರೂಪಾಯಿಯಷ್ಟು ಹಣ ಸಂಗ್ರಹವಾಗಿತ್ತೆಂದೂ ಹೊಸಬರ ಹಣವನ್ನೇ ಹಳಬರಿಗೆ ಹಂಚಲಾಗುತ್ತಿತ್ತೆಂದೂ ಆರೋಪಿಸಿದರು. ಇಂದು ಟೆಲಿಗ್ರಾಂನಲ್ಲಿ ‘ಮನೆಯಲ್ಲೇ ಕುಳಿತು ಲೈಕ್ ಒತ್ತಿ, ಗಳಿಸಿ’ ಎಂದು ಬರುವ ಸಂದೇಶಗಳು ಅದೇ ತಂತ್ರದ ಮುಂದುವರಿಕೆಯಾಗಿದ್ದು, ಒಂದೇ ಮನೆಯಲ್ಲಿ ಅಕ್ಕ ತನ್ನ ಸೀರೆ ವ್ಯಾಪಾರಕ್ಕೆ ಭೇಟಿಗಳನ್ನು ಕೊಂಡು, ತಮ್ಮ ಭೇಟಿ ಕೊಡುವ ಕೆಲಸಕ್ಕೆ ಠೇವಣಿ ಕಟ್ಟಿ, ಇಬ್ಬರೂ ಹಣ ಕಳೆದುಕೊಳ್ಳುವ ಸಾಧ್ಯತೆ ಇದೆ.

ಕೊಂಡ ಟ್ರಾಫಿಕ್‌ನ ಗುರುತು ಹಿಡಿಯಲು ಗಣಕ ವಿಜ್ಞಾನ ಓದಿರಬೇಕಾಗಿಲ್ಲ. ಭೇಟಿಗಳು ಯಾವ ಊರಿನಿಂದ ಬಂದವು, ಎಷ್ಟು ಹೊತ್ತು ನಿಂತವು, ಎಷ್ಟು ಪುಟ ತಿರುವಿದವು ಎಂಬುದನ್ನು ಅನಲಿಟಿಕ್ಸ್ ಉಚಿತವಾಗಿಯೇ ತೋರಿಸುತ್ತದೆ. ಕನ್ನಡದಲ್ಲಿ ಬರೆದ ಅಕ್ಕಿ ಮಾರಾಟದ ಪುಟಕ್ಕೆ ವಿದೇಶದ ಒಂದೇ ನಗರದಿಂದ ನಡುರಾತ್ರಿ ನೂರಾರು ಭೇಟಿಗಳು ಬಂದು, ಎರಡು ಮೂರು ಸೆಕೆಂಡಿಗೆ ಹೊರಟುಹೋಗಿ, ದರ ವಿಚಾರಿಸಿ ಒಂದು ಕರೆಯೂ ಬಾರದಿದ್ದರೆ ಆ ಸಂಖ್ಯೆಯಿಂದ ವ್ಯಾಪಾರಕ್ಕೆ ಏನೂ ದಕ್ಕಿಲ್ಲವೆಂದೇ ತಿಳಿಯಬೇಕು. ಈ ಲೆಕ್ಕವನ್ನು ಟ್ರಾಫಿಕ್ ಮಾರುವವನು ಕಳುಹಿಸುವ ಚಿತ್ರದಲ್ಲಿ ನೋಡದೆ, ವ್ಯಾಪಾರಿಯ ಸ್ವಂತ ಖಾತೆಯಲ್ಲಿಯೇ ನೋಡುವುದು ಮುಖ್ಯ. ಗೂಗಲ್ ಹುಡುಕಾಟದಲ್ಲಿ ಮೊದಲ ಸ್ಥಾನ ಕೊಡಿಸುವ ಗ್ಯಾರಂಟಿಯೂ ಇದೇ ಜಾತಿಗೆ ಸೇರಿದ್ದು. ಅಂತಹ ಖಾತರಿಯನ್ನು ಯಾರೂ ಕೊಡಲಾಗದೆಂದು ಗೂಗಲ್ ತಾನೇ ಸ್ಪಷ್ಟಪಡಿಸಿದೆ. ಅಲ್ಲದೆ ಸ್ಥಾನ ಏರಿಸಲೆಂದು ಬೇರೆ ತಾಣಗಳಲ್ಲಿ ಕೊಂಡಿಗಳನ್ನು ಹಣಕೊಟ್ಟು ಹಾಕಿಸಿದರೆ ಜಾಲತಾಣ ಹುಡುಕಾಟದಲ್ಲಿ ಇನ್ನೂ ಕೆಳಗಿಳಿಯಬಹುದು.

ಹಣಕ್ಕಿಂತ ದೊಡ್ಡ ನಷ್ಟವಾಗುವುದು ಡೊಮೈನ್, ಅಂದರೆ ಜಾಲತಾಣದ ವಿಳಾಸ, ಪ್ರಚಾರ ಮಾಡಿಕೊಡುವವನ ಹೆಸರಿನಲ್ಲಿ ನೋಂದಣಿಯಾದಾಗ, ಏಕೆಂದರೆ ಜಗಳವಾದ ದಿನ ಅಂಗಡಿಯ ಬೀಗದ ಕೈ ಅವನ ಬಳಿಯೇ ಉಳಿಯುತ್ತದೆ. ಆದ್ದರಿಂದ ಡೊಮೈನ್, ಜಾಹೀರಾತು ಖಾತೆ ಮತ್ತು ಅನಲಿಟಿಕ್ಸ್ ಮೂರೂ ವ್ಯಾಪಾರಿಯ ಸ್ವಂತ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯಲ್ಲಿರಬೇಕು. ಊರು, ವಿಳಾಸ, ಫೋನ್ ಸಂಖ್ಯೆಗಳನ್ನು ನಕಾಶೆಯಲ್ಲಿ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ ಶುಲ್ಕವೇ ಇಲ್ಲ. ಜಾಹೀರಾತು ಕೊಡಲೇಬೇಕೆನಿಸಿದರೆ ಚಿಕ್ಕ ಮೊತ್ತದಲ್ಲಿ, ಗೊತ್ತಿರುವ ಒಂದೆರಡು ನಗರಗಳಿಗಷ್ಟೇ ಮಿತಿಗೊಳಿಸಿ, ಬಂದ ಪ್ರತಿ ಗಿರಾಕಿಯನ್ನೂ ‘ಎಲ್ಲಿ ನೋಡಿದಿರಿ’ ಎಂದು ಕೇಳಿ ಬರೆದಿಟ್ಟುಕೊಳ್ಳುವುದು, ದುಬಾರಿ ವರದಿಗಳಿಗಿಂತ ನಂಬಿಕೆಯ ಲೆಕ್ಕ ಕೊಡುತ್ತದೆ.

ಹಣ ಹೋಗಿರುವುದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಗೆ ಕರೆ ಮಾಡಿದರೆ, ಅದು ಮುಂದಿನ ಖಾತೆಗಳಿಗೆ ಹರಿದುಹೋಗುವ ಮೊದಲೇ ತಡೆಹಿಡಿಯುವ ಅವಕಾಶವಿರುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡುವಾಗ ಚಾಟ್ ಸಂದೇಶಗಳನ್ನೂ ಪಾವತಿಗೆ ಬ್ಯಾಂಕ್ ಕೊಡುವ ಯುಟಿಆರ್ ಎಂಬ ಗುರುತಿನ ಸಂಖ್ಯೆಯನ್ನೂ ಅಳಿಸದೆ ಒಪ್ಪಿಸಬೇಕು. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು, ಬೇರೊಬ್ಬರ ಹೆಸರಿನ ಸೋಗು ಹಾಕಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮು ಅನ್ವಯಿಸುತ್ತವೆ. ಹೆಸರು ವಿಳಾಸವುಳ್ಳ ಸಂಸ್ಥೆಯೇ ಮಾತಿಗೆ ತಪ್ಪಿದ್ದರೆ ದಾರಿ ಬೇರೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಸೇವೆ ಕೊಂಡವರನ್ನು ಗ್ರಾಹಕರೆಂದು ಪರಿಗಣಿಸದಿದ್ದರೂ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿಯಷ್ಟೇ ಸರಕು ಕೊಂಡವರನ್ನು ಆ ನಿಯಮದಿಂದ ಹೊರಗಿಟ್ಟಿದೆ, ಆದರೆ ಈ ರಿಯಾಯಿತಿಯ ಮಾತಿನಲ್ಲಿ ಸೇವೆಯ ಹೆಸರಿಲ್ಲ. ಹಾಗಾಗಿ ಮಗ್ಗದ ನೇಕಾರನೂ ಬುಟ್ಟಿ ಹೆಣೆಯುವವಳೂ ಅದು ತಮಗೆ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳಿಕೊಂಡು ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವೂ ಇರುವುದಿಲ್ಲ.