ಆದವಾನಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ದೂರ ಸುಮಾರು 300 ಕಿ.ಮೀ. ಇದನ್ನು ಜೆಟ್ ವಿಮಾನದ 800 ಕಿ.ಮೀ. ವೇಗದಿಂದ ಭಾಗಿಸಿ ‘ಅರ್ಧ ಗಂಟೆಯೂ ಬೇಡ’ ಎನ್ನುವವರಿದ್ದಾರೆ. ಪ್ರಯಾಣಿಕರಿಗೆ ಆ ಲೆಕ್ಕ ಉಪಯೋಗಕ್ಕೆ ಬಾರದು. ಆದವಾನಿಯಿಂದ ಪ್ರಯಾಣಿಕ ವಿಮಾನ ಹಾರುವುದಿಲ್ಲ. ಜಿಲ್ಲೆಗಿರುವ ನಿಲ್ದಾಣ ಕರ್ನೂಲಿನಿಂದಲೂ ಆಚೆ, ಓರ್ವಕಲ್ಲಿನಲ್ಲಿದೆ. ಅಲ್ಲಿಂದ ಬೆಂಗಳೂರಿಗೆ ವಿಮಾನ ಶುರುವಾದದ್ದು 2021ರ ಮಾರ್ಚ್‌ನಲ್ಲಿ. ಬೆಂಗಳೂರು ಆದವಾನಿಗೆ ಹೆಚ್ಚುಕಡಿಮೆ ನೇರ ದಕ್ಷಿಣಕ್ಕಿದೆ. ವಿಮಾನ ಹತ್ತಬೇಕೆಂದರೆ ಮಾತ್ರ ಮೊದಲು ಪೂರ್ವಕ್ಕೆ ಸುಮಾರು 120 ಕಿ.ಮೀ. ರಸ್ತೆ ಸವೆಸಬೇಕು. ಅಷ್ಟಾದರೂ ಬೆಂಗಳೂರು ಹತ್ತಿರವಾಗುವುದಿಲ್ಲ: ಓರ್ವಕಲ್ಲಿನಿಂದ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ ನೇರ ಗೆರೆಯಲ್ಲೇ ಇನ್ನೂ 280 ಕಿ.ಮೀ. ಉಳಿದಿರುತ್ತದೆ.

ಹಾರಾಟಕ್ಕೆ ಒಂದೇ ಗಂಟೆ ಸಾಕಲ್ಲ ಎನ್ನಬಹುದು. ನಿಜ. ಅರ್ಧ ಗಂಟೆ ಸಾಲದು, ಏಕೆಂದರೆ ಇಂಥ ಚಿಕ್ಕ ಮಾರ್ಗಗಳಲ್ಲಿ ಓಡುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಮಾತ್ರ, ಏರುವುದಕ್ಕೂ ಇಳಿಯುವುದಕ್ಕೂ ಸಾಕಷ್ಟು ಸಮಯ ಹೋಗುತ್ತದೆ. ಆದರೆ ಹಾರಾಟವೊಂದೇ ಪ್ರಯಾಣವಲ್ಲ. ಓರ್ವಕಲ್ಲಿಗೆ ಎರಡೂವರೆ ಮೂರು ಗಂಟೆ, ತಪಾಸಣೆಗೆ ಒಂದು, ಹಾರಾಟಕ್ಕೆ ಒಂದು, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಮತ್ತೊಂದು: ಒಟ್ಟು ಆರು ಗಂಟೆ. ರೈಲಿಗೂ ಹೆಚ್ಚುಕಡಿಮೆ ಏಳೇ ಗಂಟೆ. ಆದವಾನಿ ಮುಂಬೈ–ಚೆನ್ನೈ ಮುಖ್ಯ ಮಾರ್ಗದ ಊರು. ಉದ್ಯಾನ್ ಎಕ್ಸ್‌ಪ್ರೆಸ್ ಅಲ್ಲಿ ನಿಂತು, ಗುಂತಕಲ್ ಮೂಲಕ ನೇರ ನಗರದ ನಡುವೆ ಇಳಿಸುತ್ತದೆ. ದೇವನಹಳ್ಳಿಯಿಂದಲೇ ಮುಂದಿನ ವಿಮಾನ ಹಿಡಿಯುವವರಿಗೆ ಓರ್ವಕಲ್ಲು ಅನುಕೂಲವಾದೀತು. ಬೆಂಗಳೂರಿಗಷ್ಟೇ ಹೋಗುವವರು ರೈಲಿಗೇ ಟಿಕೆಟ್ ಕಾಯ್ದಿರಿಸಿ.