ತಂತಿಯ ಮೇಲೆ ಬಂದ ಬಾನುಲಿ

ಕನ್ನಡ ನಾಡಿನಲ್ಲಿ ಬಾನುಲಿಯು ಹುಟ್ಟಿದ್ದು ಸರ್ಕಾರಿ ಕಟ್ಟಡದಲ್ಲಲ್ಲ, ಒಂದು ಮನೆಯಲ್ಲಿ. 1935ರ ಸೆಪ್ಟೆಂಬರ್ 10ರಂದು ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ನಿವಾಸ ‘ವಿಠ್ಠಲ ವಿಹಾರ’ದಿಂದ 30 ವಾಟ್ ಸಾಮರ್ಥ್ಯದ ಯಂತ್ರದ ಮೂಲಕ ಪ್ರಸಾರವನ್ನಾರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಸಂದದ್ದು ಆ ನಿಲಯಕ್ಕೇ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ತುಸು ಸಂಕೋಚದ ಸಂಗತಿಯೆಂದರೆ, ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು!

ಒಂದು ಸಣ್ಣ ದೀಪಕ್ಕೆ ಬೇಕಾಗುವಷ್ಟೇ ಶಕ್ತಿಯಿಂದ ನಿಲಯ ನಡೆಯುವುದಾದರೆ ಊರೂರಿಗೂ ಒಂದೊಂದು ಏಕೆ ಹುಟ್ಟಲಿಲ್ಲ? ಅಡ್ಡಿ ಪ್ರಕೃತಿಯದಲ್ಲ, ಶಾಸನದ್ದು. 1885ರ ಟೆಲಿಗ್ರಾಫ್ ಕಾಯಿದೆಯ ಬಲದಿಂದ ಪ್ರಸಾರವು ಸರ್ಕಾರದ ಕೈಯಲ್ಲಿಯೇ ಉಳಿಯಿತು. ಅಲೆಗಳು ಸಾರ್ವಜನಿಕ ಸ್ವತ್ತೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರಿದ ಮೇಲೂ ಹಳ್ಳಿಗಳಿಗೆ ಪರವಾನಗಿ ದೊರೆಯಲಿಲ್ಲ.

ಆಗ ಕೋಲಾರ ಜಿಲ್ಲೆಯ ಬೂದಿಕೋಟೆಯು ಒಂದು ಜಾಣ ಉಪಾಯವನ್ನು ಹೂಡಿತು. ಹೈದರಾಲಿ ಹುಟ್ಟಿದ ಈ ಊರಿನಲ್ಲಿ 2000ರ ದಶಕದ ಮೊದಲ ವರ್ಷಗಳಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ‘ನಮ್ಮ ಧ್ವನಿ’ ಕೇಂದ್ರವನ್ನು ತೆರೆದವು. ಸ್ವಸಹಾಯ ಸಂಘಗಳ ಹೆಂಗಸರೂ ಅಲ್ಲಿ ಕಾರ್ಯಕ್ರಮಗಳನ್ನು ಸಿದ್ಧಪಡಿಸಿದರು. ಆಕಾಶ ಮುಚ್ಚಿತ್ತು, ಆದರೆ ದೂರದರ್ಶನದ ಕೇಬಲ್ ತಂತಿ ಮನೆಗಳಿಗೆ ಬಂದಿತ್ತು. ಆ ತಂತಿಯ ಮೇಲೆಯೇ ಧ್ವನಿಯನ್ನು ಕಳುಹಿಸಿದರು.

ಇದರ ಮರ್ಮವೇನು? ಕೇಬಲ್ಲಿನ ನಡುವೆ ತಾಮ್ರದ ತಂತಿಯೊಂದಿದ್ದು, ಸುತ್ತಲೂ ಲೋಹದ ಹೊದಿಕೆಯಿರುತ್ತದೆ. ವಿದ್ಯುತ್ಕಾಂತ ಅಲೆಯು ಇವೆರಡರ ನಡುವೆಯೇ ಸಾಗುತ್ತದೆ; ಹೊದಿಕೆಯನ್ನು ದಾಟಿ ಗಾಳಿಗೆ ಹರಡುವುದು ಅತ್ಯಲ್ಪ. ಆದ್ದರಿಂದ ನಿಸ್ತಂತು ಪ್ರಸಾರದ ಪರವಾನಗಿಯ ಪ್ರಶ್ನೆಯೇ ಏಳಲಿಲ್ಲ. ಉಪಾಯಕ್ಕೆ ತೆರಬೇಕಾದ ಬೆಲೆಯೂ ಇತ್ತು: ತಂತಿ ತಲಪದ ಬಡವನ ಗುಡಿಸಲಿಗೆ, ಹೊಲದಲ್ಲಿ ಕಳೆ ಕೀಳುತ್ತಿರುವವಳಿಗೆ ಈ ದನಿ ಕೇಳುವುದಿಲ್ಲ. ಯಾರಿಗಾಗಿ ನಿಲಯವೋ ಅವರೇ ಹೊರಗುಳಿದರು.

2002ರ ಕೊನೆಯಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಅಂಥ ಸಮುದಾಯ ಬಾನುಲಿಗೆ ಸಾಮಾನ್ಯವಾಗಿ 50 ವಾಟ್ ಯಂತ್ರ, 30 ಮೀಟರ್ ಗೋಪುರ. ಎತ್ತರದ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಅಲೆಯ ದಿಗಂತವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಇಲ್ಲಿ ಸುಮಾರು 22. ಶಕ್ತಿ ಅಲ್ಪವಾದುದರಿಂದ ಸಾಧಾರಣ ರೇಡಿಯೋಗೆ ಸ್ಪಷ್ಟವಾಗಿ ಕೇಳುವುದು 10–15 ಮಾತ್ರ.

ಮಾಗಡಿ ತಾಲ್ಲೂಕಿನ ಕುದೂರಿನಲ್ಲಿ ಅಂಥ ನಿಲಯವೊಂದನ್ನು ಕಲ್ಪಿಸಿಕೊಳ್ಳೋಣ. ಪಕ್ಕದಲ್ಲಿ ಭೈರವನದುರ್ಗದ ಬಂಡೆ. ಎಫ್.ಎಂ. ಅಲೆಯ ಉದ್ದ ಸುಮಾರು 3 ಮೀಟರ್. ಅಷ್ಟು ಕಿರಿಯ ಅಲೆಯು ಬೆಟ್ಟವನ್ನು ಬಳಸಿ ಬಾಗುವುದು ಬಹು ಕಡಿಮೆ. ನೂರಾರು ಮೀಟರ್ ಉದ್ದದ ಮಧ್ಯಮ ತರಂಗವಾದರೋ ಇನ್ನೂ ಸುಲಭವಾಗಿ ಬಾಗೀತು. ಹೀಗಾಗಿ ಬೆಟ್ಟದ ಆಚೆ ಬದಿಯ ಹಳ್ಳಿಗಳು ನೆರಳಿನಲ್ಲಿ ಬೀಳುತ್ತವೆ. ಆಂಟೆನಾವನ್ನು ನೆತ್ತಿಗೇರಿಸಿದರೆ ನೆರಳು ಬಹುಪಾಲು ಕರಗುತ್ತದೆ. ಎತ್ತರ ನಾಲ್ಕು ಪಟ್ಟಾದರೆ ದಿಗಂತವು ಎರಡು ಪಟ್ಟಾಗುತ್ತದೆ. ಆದರೆ ಆ ಬಂಡೆಯ ಮೇಲಕ್ಕೆ ವಿದ್ಯುತ್ತನ್ನು ಒಯ್ಯಬೇಕು, ಸಿಡಿಲಿನಿಂದ ಯಂತ್ರವನ್ನು ಕಾಯಬೇಕು.